ತರಗತಿಯ ಹಿಂದೆ ಮೂವತ್ತು ಜೊತೆ ಕಣ್ಣು

ನಾನು ಸಾಗರದಲ್ಲಿ ಹೈಸ್ಕೂಲು ಓದುತ್ತಿದ್ದಾಗ ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬರುತ್ತಿದ್ದರು. ಅವರು ಬರುವ ಸುದ್ದಿ ಅವರಿಗಿಂತ ಒಂದು ವಾರ ಮೊದಲೇ ಬಂದು ಮುಟ್ಟುತ್ತಿತ್ತು. ಗೋಡೆಗೆ ಸುಣ್ಣ, ಕರಿಹಲಗೆಗೆ ಹೊಸ ಕಪ್ಪು, ನಮ್ಮ ಜಡೆಗಳಿಗೆ ಇಸ್ತ್ರಿ ಮಾಡಿದ ರಿಬ್ಬನ್ನು. ಇಂಗ್ಲಿಷ್ ಮೇಷ್ಟ್ರು ಒಂದೇ ಪಾಠವನ್ನು ನಾಲ್ಕು ದಿನ ಮಾಡುತ್ತಿದ್ದರು. ಪ್ರಶ್ನೆ ಯಾವುದು, ಉತ್ತರ ಯಾರದು ಎಂಬುದೆಲ್ಲ ಮೊದಲೇ ಗೊತ್ತು. "ಉತ್ತರ ಬರುವವರು ಬಲಗೈ ಎತ್ತಿ, ಬಾರದವರು ಎಡಗೈ ಎತ್ತಿ. ಎತ್ತದೆ ಮಾತ್ರ ಇರಬೇಡಿ" ಎಂದು ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. ಇದು ನಮ್ಮ ಮೇಷ್ಟ್ರೊಬ್ಬರ ಜಾಣತನವೆಂದು ತುಂಬ ವರ್ಷ ತಿಳಿದಿದ್ದೆ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ವಿಜಾಪುರದವರು, ಕುಂದಾಪುರದವರು, ಕಡೆಗೆ ಸಾತಾರೆಯ ಮರಾಠಿ ನೆರೆಯವರು ಕೂಡ ಇದೇ ಕಥೆಯನ್ನು ತಮ್ಮ ಮೇಷ್ಟ್ರ ಹೆಸರಿನಲ್ಲಿ ಹೇಳಿದಾಗ, ಇದು ಇಡೀ ದೇಶದ ಕಥೆ ಎಂದು ಗೊತ್ತಾಯಿತು.

ಬಿ.ಎಡ್. ಓದುವವರೂ ಪಾಠ ಮಾಡಲು ನಮ್ಮ ಶಾಲೆಗೆ ಬರುತ್ತಿದ್ದರು. ಕೈಯಲ್ಲಿ ಮಿಂಚುಪಟ್ಟಿಗಳು, ಬಣ್ಣದ ಸೀಮೆಸುಣ್ಣ, ಮುಖದ ತುಂಬ ಬೆವರು. ಹಿಂದಿನ ಬೆಂಚಿನಲ್ಲಿ ಕೆಂಪು ಪೆನ್ನು ಹಿಡಿದ ಅವರ ಪ್ರೊಫೆಸರು. ನಾವು ಮಕ್ಕಳು ಆ ಬಡಪಾಯಿಗಳ ಮೇಲೆ ಕರುಣೆಯಿಂದಲೇ ಉತ್ತರ ಹೇಳುತ್ತಿದ್ದೆವು. ನೋಡುವವರು ಹಿಂದೆ ಕುಳಿತರೆ ಮುಂದೆ ನಿಂತವರ ಬಾಯಿ ಒಣಗುತ್ತದೆ ಎಂಬ ಪಾಠವನ್ನು ಇಂಗ್ಲಿಷಿಗಿಂತ ಮೊದಲು ಕಲಿತವಳು ನಾನು.

ಈ ಹಳೆಯ ನೆನಪು ಮತ್ತೆ ಏಳಲು ಕಾರಣ ನನ್ನ ತಂಗಿಯ ಮಗಳು. ಮನೆಯಲ್ಲಿ ನಾವು ಪುಟ್ಟಿ ಎನ್ನುತ್ತೇವೆ. ನಿಮ್ಮ ಹಾಗೆಯೇ ಇಲ್ಲಿ ಹುಟ್ಟಿ ಬೆಳೆದವಳು. ಡೊಂಬಿವಲಿಯ ಲೋಕಲ್ಲಿನಲ್ಲಿ ನೇತಾಡಿಕೊಂಡು ಕಾಲೇಜು ಮುಗಿಸಿದವಳು. ಮನೆಯಲ್ಲಿ ಕನ್ನಡ, ಕಟ್ಟಡದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ರಿಕ್ಷಾದವನೊಡನೆ ಹಿಂದಿ. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಏಳೆಂಟು ತಿಂಗಳು ಬಂದು, ಒತ್ತಕ್ಷರ ಶುರುವಾಗುವ ಹೊತ್ತಿಗೆ ಹತ್ತನೆಯ ಇಯತ್ತೆಯ ಕ್ಲಾಸಿನ ನೆಪ ಹೇಳಿ ನಿಲ್ಲಿಸಿದವಳು. (ನಿಮ್ಮಲ್ಲಿ ಎಷ್ಟು ಜನ ಇಲ್ಲಿಗೆ ಬಂದು ತಲೆ ತಗ್ಗಿಸಿದಿರಿ ಎಂದು ನಾನು ಕೇಳುವುದಿಲ್ಲ.) ಅವಳು 2022ರಲ್ಲಿ ಜಪಾನಿನ ಶಿಕೋಕು ದ್ವೀಪದ ಒಂದು ಸಣ್ಣ ಊರಿಗೆ ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿ ಹೋದಳು. ಸುತ್ತ ಕಿತ್ತಳೆ ತೋಟ, ಮುಂದೆ ಸಮುದ್ರ. ಊರಿಗೆಲ್ಲ ಇವಳೊಬ್ಬಳೇ ಪರದೇಶಿ ಟೀಚರು.

ಈ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಕೆಲವರಾದರೂ ಇದನ್ನು ಯೋಚಿಸುತ್ತಿರಬಹುದು. ಜಪಾನ್ ಸರಕಾರ 1987ರಲ್ಲಿ ಜೆಟ್ ಎಂಬ ಯೋಜನೆಯನ್ನು ಆರಂಭಿಸಿತು. ಮೊದಲ ವರ್ಷ ನಾಲ್ಕು ದೇಶಗಳಿಂದ 848 ಜನ ಹೋದರು: ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್. ಆಮೇಲೆ ದೇಶಗಳ ಪಟ್ಟಿಯೂ ಬೆಳೆಯಿತು, ಈ ಯೋಜನೆಯ ಹೊರಗೆ ಊರಿನ ಶಿಕ್ಷಣ ಮಂಡಳಿಗಳು, ಖಾಸಗಿ ಸಂಸ್ಥೆಗಳು ತಾವೇ ಜನರನ್ನು ಕರೆಸಿಕೊಳ್ಳುವುದೂ ಬೆಳೆಯಿತು. 2011ರಿಂದ ಐದು–ಆರನೆಯ ತರಗತಿಗೆ ಇಂಗ್ಲಿಷ್ ಚಟುವಟಿಕೆ ಕಡ್ಡಾಯವಾಯಿತು. 2020ರಿಂದ ಅದು ಅಂಕ ಕೊಡುವ ವಿಷಯವೇ ಆಗಿ, ಚಟುವಟಿಕೆ ಮೂರನೆಯ ತರಗತಿಗೆ ಇಳಿಯಿತು. ಹಾಗಾಗಿ ಇಂಗ್ಲಿಷ್ ಆಡುವವರು ಅಲ್ಲಿ ಬೇಕು. ಇಂಗ್ಲಿಷ್ ಹುಟ್ಟುನುಡಿಯಲ್ಲದ ದೇಶದವರಾದರೆ, ಹನ್ನೆರಡು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಕೇಳುತ್ತಾರೆ. ನಮ್ಮ ಪುಟ್ಟಿ ಬಾಲವಾಡಿಯಿಂದ ಹಿಡಿದು ಎಲ್ಲ ಸರ್ಟಿಫಿಕೇಟುಗಳನ್ನು ಕಟ್ಟಿಕೊಂಡು ಹೋಗಿದ್ದಳು.

ಆದರೆ ತರಗತಿಯ ಯಜಮಾನಿಕೆ ಪರದೇಶಿಯದಲ್ಲ. ಅಲ್ಲಿನ ಜಪಾನಿ ಇಂಗ್ಲಿಷ್ ಶಿಕ್ಷಕರೇ ಮುಖ್ಯರು, ಇವರು ಜೊತೆಗೆ. ಕೆಲವು ಕಡೆ "ಈ ಪ್ಯಾರಾ ಓದಿ" ಎಂದು ಹೇಳಿ ಓದಿಸಿ ಕೂರಿಸುತ್ತಾರಂತೆ. ಅಲ್ಲಿಗೆ ಹೋದವರೆಲ್ಲರ ಹಳೆಯ ದೂರು ಇದು: ನಾವು ಜೀವಂತ ಟೇಪ್ ರೆಕಾರ್ಡರುಗಳು ಎಂದು. ಪುಟ್ಟಿಗೂ ಮೊದಲ ವರ್ಷ ಒಂದು ಶಾಲೆಯಲ್ಲಿ ಹಾಗೇ ಆಯಿತು. ಎರಡನೆಯ ವರ್ಷ ಇನ್ನೊಂದು ಶಾಲೆಯಲ್ಲಿ ಅವಳಿಗೆ ಜೊತೆಯಾದವರು ನನ್ನ ವಯಸ್ಸಿನ ಒಬ್ಬ ಶಿಕ್ಷಕಿ. ಅವರು ಏಪ್ರಿಲಿನಲ್ಲೇ, ಅಂದರೆ ಅಲ್ಲಿ ಶಾಲಾವರ್ಷ ಶುರುವಾಗುವಾಗಲೇ, ಹೇಳಿಬಿಟ್ಟರಂತೆ: ನವೆಂಬರಿನಲ್ಲಿ ನಾವಿಬ್ಬರೂ ಒಂದು ತೆರೆದ ಪಾಠ ಮಾಡಬೇಕು, ಸುತ್ತಲಿನ ಶಾಲೆಗಳ ಮೂವತ್ತು ಮಂದಿ ಶಿಕ್ಷಕರು ನೋಡಲು ಬರುತ್ತಾರೆ.

ಫೋನಿನಲ್ಲಿ ಅವಳು ಇದನ್ನು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಬಲಗೈ ಎಡಗೈ ಹೇಳಿಕೊಟ್ಟಾಯ್ತಾ?"

"ಇಲ್ಲ ದೊಡ್ಡಮ್ಮ, ಅದನ್ನೇ ಮಾಡಬಾರದಂತೆ" ಎಂದಳು.

ಹೀಗೆ ಒಟ್ಟಿಗೆ ಪಾಠದ ಯೋಜನೆ ಮಾಡಿ, ಪಾಠವನ್ನು ನೋಡಿ, ಆಮೇಲೆ ಅದರ ಬಗ್ಗೆ ಕುಳಿತು ಮಾತಾಡುವ ಇಡೀ ಕ್ರಮಕ್ಕೆ ಜಪಾನಿನಲ್ಲಿ ಜುಗ್ಯೋ ಕೆಂಕ್ಯೂ ಎನ್ನುತ್ತಾರೆ. ಜುಗ್ಯೋ ಎಂದರೆ ಪಾಠ, ಕೆಂಕ್ಯೂ ಎಂದರೆ ಸಂಶೋಧನೆ. ಪರೀಕ್ಷೆಗೆ ಒಳಗಾಗುವುದು ಪಾಠವೇ ಹೊರತು ಶಿಕ್ಷಕರಲ್ಲ, ಹೆಸರೇ ಹಾಗೆ ಹೇಳುತ್ತದೆ. ಇದರ ಬೇರು ಹುಡುಕಿದರೆ ಅಲ್ಲಿಯೂ ಒಬ್ಬ ಪರದೇಶಿ ಟೀಚರೇ ಸಿಗುತ್ತಾನೆ. 1872ರಲ್ಲಿ ಟೋಕಿಯೋದಲ್ಲಿ ಮೊದಲ ಶಿಕ್ಷಕ ತರಬೇತಿ ಶಾಲೆ ತೆರೆದಾಗ ಮೇರಿಯನ್ ಸ್ಕಾಟ್ ಎಂಬ ಅಮೆರಿಕನ್ ಶಿಕ್ಷಕನನ್ನು ನೇಮಿಸಿದರು. ಅದುವರೆಗೆ ಅಲ್ಲಿ ಒಬ್ಬೊಬ್ಬ ಹುಡುಗನನ್ನೇ ಗುರುವಿನ ಮುಂದೆ ಕೂರಿಸಿ ಓದಿಸುವುದು ರೂಢಿಯಾಗಿತ್ತು, ನಮ್ಮ ಗಾಂವಠಿ ಶಾಲೆಗಳ ಹಾಗೆ. ಬೆಂಚು, ಕರಿಹಲಗೆ, ಗೋಡೆಯ ಪಟ ಇಟ್ಟುಕೊಂಡು ಇಡೀ ತರಗತಿಗೆ ಒಟ್ಟಿಗೆ ಕಲಿಸುವ ಕ್ರಮವನ್ನು ಸ್ಕಾಟ್ ದುಭಾಷಿಯ ಸಹಾಯದಿಂದ ಮಾಡಿ ತೋರಿಸಿದ. ನೋಡಿದವರು ಕಲಿತು ಊರೂರಿಗೆ ಹೋದರು. ಪಾಠವನ್ನು ನೋಡಿಯೇ ಕಲಿಯಬೇಕು ಎಂಬ ಅಭ್ಯಾಸ ಅಂದಿನಿಂದ ಬಿಡಲಿಲ್ಲ.

ಐವತ್ತು ವರ್ಷದ ನಂತರ, 1922ರಲ್ಲಿ, ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷಿನವರು ಅಲ್ಲಿನ ಶಿಕ್ಷಣ ಇಲಾಖೆಗೆ ಭಾಷಾ ಸಲಹೆಗಾರರಾಗಿ ಬಂದು ಹದಿನಾಲ್ಕು ವರ್ಷ ಇದ್ದರು. 1923ರಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಊರೂರು ತಿರುಗಿ ಭಾಷಣ ಮಾಡಿದರು, ಭಾಷಣದ ಜೊತೆಗೆ ಪಾಠ ಮಾಡಿಯೂ ತೋರಿಸಿದರು. ಅವರ ಜೊತೆಗಾರರಾಗಿ ಸೇರಿದ ಎ. ಎಸ್. ಹಾರ್ನ್‌ಬಿ ಜಪಾನಿ ವಿದ್ಯಾರ್ಥಿಗಳು ಎಡವುವ ಜಾಗಗಳನ್ನು ನೋಡಿ ನೋಡಿ ಒಂದು ನಿಘಂಟು ಮಾಡಿದರು. ಅದು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ತಮ್ಮದಾಗಿ ಹೊರತಂದರು. ನಾನು ಬಿ.ಎ.ಯಲ್ಲಿ ಎದೆಗವಚಿಕೊಂಡು ತಿರುಗುತ್ತಿದ್ದ, ನಿಮ್ಮ ಮನೆಯ ಕಪಾಟಿನಲ್ಲೂ ಬಹುಶಃ ಇರುವ ಆ ದಪ್ಪ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ಇಂಗ್ಲೆಂಡಿನದೆಂದು ನಾವು ಪೂಜೆ ಮಾಡಿದ ಪುಸ್ತಕ ಹುಟ್ಟಿದ್ದು ಜಪಾನಿ ಮಕ್ಕಳ ತಪ್ಪುಗಳಿಂದ ಎಂದು ತಿಳಿದಾಗ ನನಗಂತೂ ಸಂತೋಷವಾಯಿತು.

ನಮ್ಮ ಬೆಂಗಳೂರಿನ ಕಥೆಯೂ ಇದಕ್ಕೆ ದೂರದ್ದಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸುಗಳ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಬಾಯಿಪಾಠ ಮಾಡಿಸದೆ, ರೈಲ್ವೆ ವೇಳಾಪಟ್ಟಿ, ನಕಾಶೆ ಮುಂತಾದುವನ್ನು ಕೊಟ್ಟು ಬುದ್ಧಿ ಓಡಿಸುವ ಕೆಲಸ ಮಾಡಿಸಿದರೆ ಇಂಗ್ಲಿಷ್ ತಾನಾಗಿ ಬರುತ್ತದೆಯೇ ಎಂದು ನೋಡಿದರು. ಹೊರಗಿನಿಂದ ಬಂದವರು ಆ ತರಗತಿಗಳಲ್ಲಿ ಕುಳಿತು ನೋಡಿದರು, ವಾದ ಮಾಡಿದರು. ಜಗತ್ತಿನ ಇಂಗ್ಲಿಷ್ ಬೋಧನೆಯ ಪುಸ್ತಕಗಳಲ್ಲಿ ಬೆಂಗಳೂರು ಪ್ರಾಜೆಕ್ಟ್ ಎಂದು ಅದು ಈಗಲೂ ಬರುತ್ತದೆ. ಆ ಕಾಲದಲ್ಲಿ ಸಾಗರದಲ್ಲಿ ಕುಳಿತು ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸ್ ಮಾಡುತ್ತಿದ್ದ ನಮಗೆ ಇದರ ಗಾಳಿಯೂ ತಗುಲಲಿಲ್ಲ ಎಂಬುದು ಬೇರೆ ಮಾತು.

ಈಗ ಪುಟ್ಟಿಯ ಪಾಠಕ್ಕೆ ಬರೋಣ. ಅವರಿಬ್ಬರೂ ಆರು ವಾರ ಕುಳಿತು ಪಾಠದ ಯೋಜನೆ ಬರೆದರು. ಅದಕ್ಕೆ ಶಿದೋಆನ್ ಎಂದು ಹೆಸರು. ಐವತ್ತು ನಿಮಿಷದ ಪಾಠಕ್ಕೆ ನಾಲ್ಕು ಪುಟ. ಒಂದು ಅಂಕಣದಲ್ಲಿ ಹೊತ್ತು, ಒಂದರಲ್ಲಿ ಶಿಕ್ಷಕರ ಕೆಲಸ, ಇನ್ನೊಂದರಲ್ಲಿ ಮಕ್ಕಳಿಂದ ನಿರೀಕ್ಷಿಸುವ ಉತ್ತರಗಳು. ಸರಿ ಉತ್ತರವನ್ನು ಬರೆದರೆ ಸಾಲದು. ಮಕ್ಕಳು ಯಾವ ಯಾವ ತಪ್ಪು ಹೇಳಬಹುದು, ಆಗ ಏನು ಮಾಡುವಿರಿ ಎಂದೂ ಬರೆಯಬೇಕು. ಕರಿಹಲಗೆಯ ಯಾವ ಮೂಲೆಯಲ್ಲಿ ಏನು ಬರೆಯುವುದು ಎಂಬುದಕ್ಕೂ ಚಿತ್ರ. ಒಮ್ಮೆ ಬರೆದದ್ದನ್ನು ಪಾಠ ಮುಗಿಯುವವರೆಗೆ ಒರೆಸುವಂತಿಲ್ಲ, ಏಕೆಂದರೆ ಹಲಗೆ ನೋಡಿದರೆ ಪಾಠ ನಡೆದ ದಾರಿ ಕಾಣಬೇಕು. ಆ ಹಿರಿಯ ಶಿಕ್ಷಕಿ ಐದು ಸಲ ತಿದ್ದಿಸಿ ಬರೆಸಿದರಂತೆ. ನಾಲ್ಕನೆಯ ಸಲಕ್ಕೆ ಪುಟ್ಟಿ ನನಗೆ ಫೋನು ಮಾಡಿ, "ಇಷ್ಟು ಹೊತ್ತಿಗೆ ನಾನು ಒಂದು ಸಿನಿಮಾ ತೆಗೆಯಬಹುದಿತ್ತು" ಎಂದು ಗೊಣಗಿದಳು.

ವಿಷಯ ಏನೆಂದರೆ, ಅವನು–ಅವಳು ಎಂದಾಗ ಇಂಗ್ಲಿಷ್ ಕ್ರಿಯಾಪದದ ಬಾಲಕ್ಕೆ ಸೇರುವ ಆ ಒಂದು 'ಎಸ್'. ಐ ಮೇಕ್, ಶಿ ಮೇಕ್ಸ್. ನಮಗೂ ಜೀವ ತಿಂದದ್ದು ಅದೇ. ಇದಕ್ಕೆ ಪುಟ್ಟಿ ಆರಿಸಿಕೊಂಡದ್ದು ನಮ್ಮ ಅಮ್ಮನನ್ನು, ಅಂದರೆ ಅವಳ ಅಜ್ಜಿಯನ್ನು. ಅಜ್ಜಿ ಸಾಗರದ ಮನೆಯ ಹಿತ್ತಿಲಿನಲ್ಲಿ ತೊಡೆದೇವು ಮಾಡುತ್ತಿರುವ ಫೋಟೋ. ಮುಂಬಯಿಯಲ್ಲಿ ಬೆಳೆದ ನಿಮಗೆ ಹೇಳಬೇಕು: ಮಡಕೆಯನ್ನು ಬೋರಲು ಹಾಕಿ, ಕೆಳಗೆ ಬೆಂಕಿ ಮಾಡಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ಕೋಲಿಗೆ ಸುತ್ತಿದ ಬಟ್ಟೆಯಿಂದ ಮಡಕೆಯ ಬೆನ್ನಿಗೆ ತೊಡೆಯುತ್ತಾರೆ. ಕಾಗದದಷ್ಟು ತೆಳ್ಳಗೆ ಎದ್ದು ಬರುತ್ತದೆ, ಬಿಸಿ ಇರುವಾಗಲೇ ಮಡಿಸಬೇಕು. ಅಂಗಡಿಯ ಡಬ್ಬಿಯಲ್ಲಿ ಸಿಗುವುದಕ್ಕೂ ಇದಕ್ಕೂ ಹೋಲಿಕೆ ಇಲ್ಲ ಎಂದು ನಾನು ಹೇಳಿದರೆ ಪಕ್ಷಪಾತ ಎನ್ನುತ್ತೀರಿ.

2023ರ ನವೆಂಬರಿನ ಒಂದು ಮಧ್ಯಾಹ್ನ. ಉಳಿದ ತರಗತಿಗಳ ಮಕ್ಕಳನ್ನೆಲ್ಲ ಬೇಗ ಮನೆಗೆ ಕಳಿಸಿದ್ದರು. ಇಡೀ ಶಾಲೆಯಲ್ಲಿ ಈ ಒಂದೇ ತರಗತಿ. ಮೂವತ್ತು ಮಂದಿ ಶಿಕ್ಷಕರು ಚೀಲದಿಂದ ತಮ್ಮ ಚಪ್ಪಲಿ ತೆಗೆದು ಹಾಕಿಕೊಂಡು, ಯೋಜನೆಯ ಪ್ರತಿ, ಮಕ್ಕಳು ಕೂರುವ ಜಾಗದ ನಕ್ಷೆ ಹಿಡಿದು ಹಿಂದೆ, ಪಕ್ಕದಲ್ಲಿ ಸಾಲಾಗಿ ನಿಂತರು. ಯಾರೂ ಮಾತಾಡುವಂತಿಲ್ಲ, ಮಗುವೊಂದು ಒದ್ದಾಡುತ್ತಿದ್ದರೂ ಹೇಳಿಕೊಡುವಂತಿಲ್ಲ. ದಿನವೂ ಗಲಾಟೆ ಮಾಡುವ ಮಕ್ಕಳು ಅಂದು ಕಲ್ಲಾಗಿ ಕುಳಿತರು. ಪುಟ್ಟಿ ಫೋಟೋ ತೋರಿಸಿ ಅಜ್ಜಿ ಏನು ಮಾಡುತ್ತಾಳೆ ಎಂದು ಕೇಳಿದಳು. ಉತ್ತರವಿಲ್ಲ. ತಾನೇ ಹೇಳಿಬಿಟ್ಟಳು. ಮತ್ತೊಂದು ಪ್ರಶ್ನೆ. ಮತ್ತೆ ತಾನೇ ಉತ್ತರ. ಹೀಗೆ ಹತ್ತು ನಿಮಿಷ. "ನನ್ನ ಧ್ವನಿ ಬಿಟ್ಟರೆ ಗಡಿಯಾರದ ಧ್ವನಿ, ದೊಡ್ಡಮ್ಮ" ಎಂದಳು.

ಆಗ ಕೊನೆಯ ಸಾಲಿನ ಒಬ್ಬ ಹುಡುಗ ಕೈ ಎತ್ತಿದ. ಯೋಜನೆಯ ನಾಲ್ಕು ಪುಟದಲ್ಲಿ ಎಲ್ಲಿಯೂ ಇಲ್ಲದ ಪ್ರಶ್ನೆ ಕೇಳಿದ: ಅಜ್ಜಿಯ ಜೊತೆ ನೀನು ಇಂಗ್ಲಿಷ್ ಮಾತಾಡುತ್ತೀಯಾ? ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದ, ಆದರೆ ಕೇಳಿದ.

ಇಂಗ್ಲಿಷಿನವಳೆಂದು ಕರೆಸಿಕೊಂಡು, ಇಂಗ್ಲಿಷಿನ ಮಾದರಿಯಾಗಿ ಮೂವತ್ತು ಜನರ ಮುಂದೆ ನಿಂತವಳಿಗೆ ಈ ಪ್ರಶ್ನೆ. ಅವಳ ಮನಸ್ಸಿಗೆ ಬಂದದ್ದು ಒಂದೇ ಯೋಚನೆಯಂತೆ, ಈಗ ಇಲ್ಲ ಎಂದರೆ ಇವರೆಲ್ಲ ಏನೆಂದುಕೊಳ್ಳುತ್ತಾರೆ ಎಂದು. ಅಲ್ಲಿಗೆ ಹೋದಂದಿನಿಂದ ಅವಳನ್ನು ಕಾಡುತ್ತಿದ್ದ ಅಳುಕು ಅದು. ನೀಲಿ ಕಣ್ಣಿನವರನ್ನು ನಿರೀಕ್ಷಿಸಿ ಈ ಹುಡುಗಿಯನ್ನು ಕಂಡ ಒಬ್ಬಿಬ್ಬರು ಪೋಷಕರ ಮುಖವನ್ನು ಅವಳು ಮೊದಲ ತಿಂಗಳಲ್ಲೇ ನೋಡಿದ್ದಳು. ಜೊತೆಯ ಶಿಕ್ಷಕಿ ಮಾತ್ರ ಹುಡುಗನ ಕಡೆ ತಿರುಗಿ, ಅಜ್ಜಿಯ ಬಗ್ಗೆ ಕೇಳಬೇಕಾದರೆ ಹೇಗೆ ಕೇಳುತ್ತೀ ಎಂದು ಮೆಲ್ಲನೆ ದಾರಿ ತೋರಿಸಿದರು. ಅವನು ತಿದ್ದಿ ಕೇಳಿದ: ಡಸ್ ಯುವರ್ ಗ್ರ್ಯಾಂಡ್‌ಮದರ್ ಸ್ಪೀಕ್ ಇಂಗ್ಲಿಷ್?

"ನೋ, ಶಿ ಡಸೆಂಟ್. ಶಿ ಸ್ಪೀಕ್ಸ್ ಕನ್ನಡ."

ಪಾಠದ ವ್ಯಾಕರಣ ಅದೇ ಆಗಿತ್ತು ನೋಡಿ! ಆದರೆ ಮಕ್ಕಳೆಲ್ಲ ಒಟ್ಟಿಗೆ, "ಕನಡಾ?" ಎಂದರು. ಜಪಾನಿ ಭಾಷೆಯಲ್ಲಿ ಕೆನಡಾ ದೇಶಕ್ಕೆ ಕನಡಾ ಎಂದೇ ಹೆಸರು. ಹಾಗಾದರೆ ಟೀಚರಿನ ಅಜ್ಜಿ ಕೆನಡಾದವರು, ಕೆನಡಾದಲ್ಲಿ ಮಡಕೆಯ ಮೇಲೆ ದೋಸೆ ಹೊಯ್ಯುತ್ತಾರೆ! ತರಗತಿಗೆ ಜೀವ ಬಂತು. ಅಲ್ಲ, ಕೆನಡಾ ಅಲ್ಲ, ಕನ್ನಡ ಎಂದು ಇವಳು ಎಷ್ಟು ಹೇಳಿದರೂ ಅವರ ಕಿವಿಗೆ ಅದೇ. ಕೊನೆಗೆ ಸೀಮೆಸುಣ್ಣ ತೆಗೆದುಕೊಂಡು, ನಮ್ಮ ಅಕ್ಷರವೇ ಬೇರೆ, ನೋಡಿ ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದಳು. ಮಕ್ಕಳು ಆ ದುಂಡು ಅಕ್ಷರಗಳನ್ನು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಪ್ರಶ್ನೆಗಳ ಮಳೆ. ಗಂಟೆ ಹೊಡೆದು ಆರು ನಿಮಿಷವಾದರೂ ಪಾಠ ಮುಗಿಯಲಿಲ್ಲ, ಕೊನೆಯ ಚಟುವಟಿಕೆ ಉಳಿದೇ ಹೋಯಿತು. ಅಲ್ಲಿ ಹೊತ್ತು ಮೀರುವುದು ಸಣ್ಣ ತಪ್ಪಲ್ಲ.

ಪಾಠದ ನಂತರ ಎಲ್ಲರೂ ಕುಳಿತರು. ಪಾಠ ಮಾಡಿದವರು ಮೊದಲು ಮಾತಾಡಬೇಕು, ತಮ್ಮ ತಪ್ಪನ್ನು ತಾವೇ ಹೇಳಬೇಕು. ಅದಕ್ಕೆ ಹನ್ಸೇಯ್ ಎನ್ನುತ್ತಾರೆ. ಆಮೇಲೆ ಬಣ್ಣದ ಚೀಟಿಗಳಲ್ಲಿ ತಾವು ಕಂಡದ್ದನ್ನು ಬರೆದು ದೊಡ್ಡ ಹಾಳೆಗೆ ಅಂಟಿಸಿದರು. ಕನ್ನಡದ ಬಗ್ಗೆ, ಇವಳ ಉಚ್ಚಾರದ ಬಗ್ಗೆ, ಇವಳು ಎಲ್ಲಿಯವಳು ಎಂಬುದರ ಬಗ್ಗೆ ಒಬ್ಬರೂ ಚಕಾರ ಎತ್ತಲಿಲ್ಲ. ಮಾತೆಲ್ಲ ಕಿಟಕಿಯ ಪಕ್ಕದ ಒಬ್ಬ ಹುಡುಗಿಯ ಬಗ್ಗೆ. ಐವತ್ತಾರು ನಿಮಿಷ ಅವಳು ಬಾಯಿ ಬಿಡಲಿಲ್ಲ. ಪುಟ್ಟಿಯ ಲೆಕ್ಕದಲ್ಲಿ ಅವಳಿಗೆ ಏನೂ ಅರ್ಥವಾಗಿಲ್ಲ. ಆದರೆ ಒಬ್ಬ ಶಿಕ್ಷಕರು ಇಡೀ ಪಾಠದಲ್ಲಿ ಆ ಒಂದು ಮಗುವನ್ನೇ ನೋಡುತ್ತ ನಿಂತಿದ್ದರು. ಹನ್ನೆರಡನೆಯ ನಿಮಿಷದಲ್ಲಿ ಅವಳು 'ಮೇಕ್' ಎಂದು ಬರೆದಳು, ಹಲಗೆ ನೋಡಿದಳು, ರಬ್ಬರಿನಿಂದ ಒರೆಸಿದಳು, 'ಮೇಕ್ಸ್' ಎಂದು ಬರೆದಳು, ಕೈ ಅರ್ಧ ಎತ್ತಿದಳು. ಅಷ್ಟರಲ್ಲಿ ಟೀಚರೇ ಉತ್ತರ ಹೇಳಿಬಿಟ್ಟರು ಎಂದು ಅವರು ಓದಿ ಹೇಳಿದರು. ಶಿಕ್ಷಣ ಮಂಡಳಿಯಿಂದ ಬಂದ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: ನೀವು ಪ್ರಶ್ನೆ ಕೇಳಿ ಎಷ್ಟು ಸೆಕೆಂಡು ಕಾದಿರಿ?

(ಈ ಪ್ರಶ್ನೆ ಹೊಸದಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1974ರಲ್ಲೇ ಬರೆದಿದ್ದರು, ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡು, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು. ನಾವು ತಾಯಂದಿರು ಅಷ್ಟೂ ಕಾಯುವುದಿಲ್ಲ.)

ಅಂದು ರಾತ್ರಿ ಪುಟ್ಟಿ ಅಳುವ ದನಿಯಲ್ಲಿ ಫೋನು ಮಾಡಿದಳು. "ಆರು ವಾರ ಸತ್ತೆ, ದೊಡ್ಡಮ್ಮ. ಚೆನ್ನಾಗಿತ್ತು ಅಂತ ಯಾರೂ ಹೇಳಲಿಲ್ಲ. ನಲವತ್ತು ನಿಮಿಷ ಆ ಹುಡುಗಿ ವಿಷಯವೇ." ನನಗೆ ನಗು ಬಂತು, ತಡೆದುಕೊಂಡೆ. ನಮ್ಮ ಇನ್‌ಸ್ಪೆಕ್ಟರು ಮೇಷ್ಟ್ರನ್ನು ನೋಡಲು ಬರುತ್ತಿದ್ದರು, ಇವರು ಮಗುವನ್ನು ನೋಡಲು ಬಂದಿದ್ದರು. ಅವಳಿಗೆ ಅದನ್ನು ಹೇಳಿದೆ. ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ, ಮೂಗು ಒರೆಸಿಕೊಂಡಳು. ಎಲ್ಲ ಕಡೆ ಹೀಗೆಯೇ ಇರುತ್ತದೆ ಎಂದು ನೀವು ತಿಳಿಯಬೇಡಿ. ಚೀನಾದಲ್ಲಿ ತೆರೆದ ಪಾಠಕ್ಕೆ ಮುಂಚೆ ಬೇರೆ ಬೇರೆ ತರಗತಿಯಲ್ಲಿ ಅದನ್ನೇ ಮಾಡಿ ಮಾಡಿ ಹರಿತಗೊಳಿಸುತ್ತಾರೆ, ಅದಕ್ಕೆ ಪಾಠ ಮಸೆಯುವುದು ಎಂದೇ ಹೆಸರು. ಜಪಾನಿನಲ್ಲೂ ಮಕ್ಕಳಿಗೆ ಮೊದಲೇ ಕಲಿಸಿಟ್ಟು ನಾಟಕ ಮಾಡುವ ಶಾಲೆಗಳುಂಟಂತೆ. ಬಲಗೈ ಎಡಗೈ ನಮ್ಮ ದೇಶದ ಸ್ವತ್ತೇನಲ್ಲ.

ಮರುದಿನ ಅವಳು ಹಲಗೆಯ ಫೋಟೋ ಕಳಿಸಿದಳು. ಅಜ್ಜಿಯ ಚಿತ್ರ, ಸಾಲಾಗಿ ಇಂಗ್ಲಿಷ್ ವಾಕ್ಯಗಳು, ಬಲಮೂಲೆಯಲ್ಲಿ ನಮ್ಮ ಅಕ್ಷರ. ಕನ್ನಡಕ ಹಾಕಿಕೊಂಡು ನೋಡಿದೆ. ಅವಳು ಬರೆದದ್ದು 'ಕನಡ'. ನ ಅಕ್ಷರಕ್ಕೆ ಒತ್ತು ಇಲ್ಲ. ಕೆನಡಾ ಅಲ್ಲ ಎಂದು ತೋರಿಸಲು ಹೋಗಿ ಇವಳು ದೊಡ್ಡ ಅಕ್ಷರದಲ್ಲಿ ಕೆನಡಾ ಎಂದೇ ಬರೆದಿದ್ದಳು!

ಎರಡು ದಿನ ಸುಮ್ಮನಿದ್ದೆ. ಮೂವತ್ತು ಜನ ತಜ್ಞರು ಅವಳ ಒಂದೊಂದು ಸೆಕೆಂಡನ್ನೂ ಅಳೆದಿದ್ದರು, ಈ ತಪ್ಪನ್ನು ಕಾಣುವ ಕಣ್ಣು ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ. ಭಾನುವಾರದ ತರಗತಿ ಬಿಡಿಸಬೇಡ ಎಂದು ಆಗ ತಂಗಿಗೆ ಗಟ್ಟಿಯಾಗಿ ಹೇಳದೆ ಇದ್ದವಳು ನಾನೇ. ಕೊನೆಗೆ ಬೇರೇನೂ ಬರೆಯದೆ, 'ಕನ್ನಡ' ಎಂಬ ಒಂದು ಪದವನ್ನು ವಾಟ್ಸಾಪಿನಲ್ಲಿ ಕಳಿಸಿದೆ.

ಐದು ನಿಮಿಷ ಉತ್ತರವಿಲ್ಲ. ಆಮೇಲೆ ಫೋನು. "ಅಯ್ಯೋ ದೊಡ್ಡಮ್ಮ! ಅವರೆಲ್ಲ ಹಲಗೆಯ ಫೋಟೋ ತೆಗೆದುಕೊಂಡು ಹೋಗಿದ್ದಾರೆ!"

ಸೋಮವಾರ ಅವಳು ತರಗತಿಯಲ್ಲಿ ತನ್ನ ತಪ್ಪನ್ನು ತಾನೇ ಹೇಳಿ ತಿದ್ದಿ ಬರೆದಳಂತೆ. ಒತ್ತಕ್ಷರವನ್ನು ಹೇಗೆ ವಿವರಿಸುವುದು ಎಂದು ರಾತ್ರಿಯೆಲ್ಲ ಯೋಚಿಸಿದ್ದಳು. ಅದು ಬೇಕಾಗಲೇ ಇಲ್ಲ. ಜಪಾನಿ ಬರವಣಿಗೆಯಲ್ಲಿ ವ್ಯಂಜನವನ್ನು ಒತ್ತಿ ಹೇಳಬೇಕಾದರೆ 'ತ್ಸು' ಎಂಬ ಅಕ್ಷರವನ್ನು ಸಣ್ಣದಾಗಿ ಬರೆಯುತ್ತಾರೆ. ಕೆಳಗೆ ತೂಗುವ ನಮ್ಮ ಸಣ್ಣ ಅಕ್ಷರವನ್ನು ಕಂಡ ಕೂಡಲೇ ಮಕ್ಕಳಿಗೆ ತಿಳಿದುಹೋಯಿತು. ಕಿಟಕಿಯ ಪಕ್ಕದ ಹುಡುಗಿ ತನ್ನ ಪುಸ್ತಕದಲ್ಲಿದ್ದ ಹಳೆಯ ಪದವನ್ನು ಒರೆಸಿ ಒತ್ತು ಹಾಕಿ ಬರೆದಳು. ಈ ಸಲ ಪುಟ್ಟಿ ಅದನ್ನು ನೋಡಿದಳು.

ಮುಂದಿನ ಫೆಬ್ರವರಿಯಲ್ಲಿ ಪ್ರಾಥಮಿಕ ಶಾಲೆಯ ಆರನೆಯ ತರಗತಿಗೆ ಅವಳ ಇನ್ನೊಂದು ತೆರೆದ ಪಾಠವಿತ್ತು. ನಲವತ್ತೈದು ನಿಮಿಷದ್ದು. ಅದರ ಯೋಜನೆಯ ಮೊದಲ ಕರಡನ್ನು ನನಗೂ ಕಳಿಸಿದ್ದಳು. ಮಕ್ಕಳಿಂದ ನಿರೀಕ್ಷಿಸುವ ಉತ್ತರಗಳ ಅಂಕಣದಲ್ಲಿ, ಮೂರನೆಯ ಸಾಲಿನಲ್ಲಿ, ಅವಳು ಹೀಗೆ ಬರೆದಿದ್ದಳು: "ಕೆನಡಾ?"